ಬೀರುವಿಗೆ ಬಾರದ ಕೋವಿ

ಅವರಿಗೆ ಹುಬ್ಬುಗಳೇ ಇರಲಿಲ್ಲ. ಇಪ್ಪತ್ತು ವರ್ಷ ಬಾಯ್ಲರಿನ ಬಾಗಿಲು ತೆಗೆದು ಉರಿ ನೋಡಿದ್ದಕ್ಕೆ ಅವು ಸುಟ್ಟು ಉದುರಿ, ಮತ್ತೆ ಬೆಳೆಯುವ ಆಸೆಯನ್ನೇ ಬಿಟ್ಟಿದ್ದವು. ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಹೊಸಬರಿಗೆ ತಿಳಿಯುತ್ತಿರಲಿಲ್ಲ. ಅರಕಲಗೂಡಿನ ಹೊರಗೆ ಶುಂಠಿ ಒಣಗಿಸುವ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಬಾಯ್ಲರ್ ಅಣ್ಣ ಎನ್ನುತ್ತಿದ್ದರು. ನಾನು ಟೈಂ ಆಫೀಸಿನ ಗುಮಾಸ್ತ, ಹಾಜರಿ ನೋಡಿಕೊಳ್ಳುವವನು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಬಾಯ್ಲರ್ ಸರ್ಟಿಫಿಕೇಟಿನ ನಕಲು ಮತ್ತು ಕೋವಿಯ ಲೈಸೆನ್ಸಿನ ನಕಲು. ಸರ್ಕಾರ ತನ್ನನ್ನು ನಂಬಿದ್ದಕ್ಕೆ ಇರುವುದು ಇವೆರಡೇ ಸಾಕ್ಷಿ ಎಂದು ಹೇಳಿಕೊಳ್ಳುತ್ತಿದ್ದರು. ಕೋವಿ ಅವರ ತಂದೆಯದು, ಒಂಟಿ ನಳಿಗೆಯದು, ಬೆಳೆ ಕಾಯಲೆಂದು ಲೈಸೆನ್ಸ್ ಕೊಟ್ಟದ್ದು. ಜೋಳದ ಹೊಲಕ್ಕೆ ಹಂದಿ ನುಗ್ಗಿದಾಗ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು, ಅಷ್ಟೆ. ಅದನ್ನು ಅವರ ಹೆಂಡತಿಯೂ ಮುಟ್ಟುವಂತಿರಲಿಲ್ಲ. ಕೋವಿಯ ಮೇಲಿನ ಪ್ರೀತಿಯಿಂದಲ್ಲ, ಕಾನೂನಿನಿಂದ.

ನಿಜ ಹೇಳಬೇಕೆಂದರೆ ಆ ಕೋವಿ ಹೊಲಕ್ಕಿಂತ ಪೊಲೀಸ್ ಠಾಣೆಯನ್ನೇ ಹೆಚ್ಚು ಕಂಡಿತ್ತು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ಯಾವ ಚುನಾವಣೆ ಬಂದರೂ ಲೈಸೆನ್ಸ್ ಇದ್ದವರೆಲ್ಲ ತಂದು ಒಪ್ಪಿಸಬೇಕು. ಇದು ಅನ್ಯಾಯವೆಂದು ನಾಲ್ಕು ಊರಿನವರನ್ನು ಸೇರಿಸಿಕೊಂಡು ಹಾಸನಕ್ಕೆ ಹೋಗಿ ಡಿಸಿಗೆ ಮನವಿಯನ್ನೂ ಕೊಟ್ಟಿದ್ದರು. "ಎಲೆಕ್ಸನ್ ಬಂದೈತೆ ಅಂತ ಅಂದಿಗೋಳ್ಗೆ ಯಾರು ಏಳ್ತಾರೆ ಸಾ?" ಎಂದು ನನ್ನನ್ನು ಕೇಳಿದ್ದರು. ಮನವಿ ಕೊಟ್ಟು ಬಂದವರು ಮಾರನೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಕೋವಿ ಒಪ್ಪಿಸಿ, ರಸೀದಿಯನ್ನು ಅದೇ ಕವರಿಗೆ ಸೇರಿಸಿದ್ದರು. ಜಗಳವಾಡುವುದು ಬೇರೆ, ಪಾಲಿಸುವುದು ಬೇರೆ ಎಂಬ ಲೆಕ್ಕ ಅವರದು.

ಒಂದು ವರ್ಷ ಹೆಡ್ ಆಫೀಸಿನಿಂದ ಹೊಸ ನಿಯಮ ಬಂತು. ಗೇಟಿನ ಒಳಗೆ ಯಾವ ಆಯುಧವನ್ನೂ ತರುವಂತಿಲ್ಲ, ಲೈಸೆನ್ಸ್ ಇದ್ದರೂ. ಅದನ್ನು ಕನ್ನಡಕ್ಕೆ ಇಳಿಸಿ ಬೋರ್ಡಿಗೆ ಅಂಟಿಸಿದವನು ನಾನೇ. ಮೊದಲ ದಿನವೇ ಗೇಟಿನಲ್ಲಿ ಮಚ್ಚು, ಕುಡುಗೋಲುಗಳ ರಾಶಿ ಬಿತ್ತು. ಪಾಳಿ ಮುಗಿಸಿ ದಾರಿಯಲ್ಲಿ ಹುಲ್ಲು ಕೊಯ್ದುಕೊಂಡು ಹೋಗುವ ಜನ, ಅವಿಲ್ಲದೆ ಮನೆ ಬಿಡುವುದಿಲ್ಲ. ಒಳಗೆ ಶುಂಠಿ ಹೆಚ್ಚುವ ಹೆಂಗಸರ ಕೈಯಲ್ಲಿ ಕಾರ್ಖಾನೆಯದೇ ಚಾಕು, ಹೊರಗೆ ಅವರ ಕುಡುಗೋಲಿಗೆ ಬೀಗ. ವಾರದೊಳಗೆ ಮಚ್ಚು ಕುಡುಗೋಲಿಗೆ ವಿನಾಯಿತಿ ಸಿಕ್ಕಿತು. ಕೋವಿಯ ಬಗ್ಗೆ ಯಾರೂ ಕೇಳಲಿಲ್ಲ. ಅಣ್ಣ ಮಾತ್ರ ಸಾಲಿನ ಕೆಳಗೆ ಬೆರಳಿಟ್ಟು ಇಡೀ ನೋಟೀಸು ಓದಿ, ಬೈಕು ನಿಲ್ಲಿಸುವ ಜಾಗವೂ ಗೇಟಿನ ಒಳಗೆಂದೇ ಲೆಕ್ಕವೋ ಎಂದು ನನ್ನನ್ನು ಕೇಳಿದರು. ಹೌದು ಎಂದೆ.

ಮುಂದಿನ ಚುನಾವಣೆಗೆ ಕೋವಿ ಒಪ್ಪಿಸುವ ಕೊನೆಯ ದಿನ. ಅವರು ಬೆಳಿಗ್ಗೆ ಏಳಕ್ಕೇ ಠಾಣೆಗೆ ಹೋದರೆ, ದಫ್ತರ ಬರೆಯುವ ರೈಟರ್ ಬರುವುದು ಹತ್ತಕ್ಕೆ ಎಂದು ವಾಪಸು ಕಳಿಸಿದರು. ಎಂಟಕ್ಕೆ ಪಾಳಿ. ಇನ್ನೊಬ್ಬ ಬಾಯ್ಲರಿನವನು ವಾರದಿಂದ ರಜೆಯಲ್ಲಿದ್ದು, ಅಣ್ಣನಿಗೆ ಅದಕ್ಕೂ ಮೊದಲು ಠಾಣೆಗೆ ಹೋಗಲು ಬಿಡುವೇ ಸಿಕ್ಕಿರಲಿಲ್ಲ. ಊರಿಗೆ ಹೋಗಿ ಕೋವಿ ಇಟ್ಟು ಬರುವಷ್ಟು ಹೊತ್ತಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಒಳಗೆ ಬಂದುಬಿಡುತ್ತಿದ್ದರು. ಇವರು ಗೇಟಿನ ಹೊರಗೆ ಬೈಕು ನಿಲ್ಲಿಸಿ, ಚೀಲ ಬಿಚ್ಚಿ, ಇದು ಕೋವಿ, ಏನು ಮಾಡಲಿ ಎಂದು ಸೆಕ್ಯುರಿಟಿಯವನನ್ನು ತಾವೇ ಕೇಳಿದರು. ಅವನು ನನ್ನನ್ನು ಕರೆದ.

ತೊಳೆದು ಹೆಚ್ಚಿದ ಶುಂಠಿ ತಟ್ಟೆಗಳಲ್ಲಿ ಕಾಯುತ್ತಿತ್ತು. ಉಗಿ ಬರದಿದ್ದರೆ ಮಧ್ಯಾಹ್ನಕ್ಕೆಲ್ಲ ಹುಳಿ ವಾಸನೆ ಹೊಡೆಯುತ್ತದೆ. ಟೈಂ ಆಫೀಸಿನ ಬೀರುವಿನಲ್ಲಿ ಕೋವಿ ಇಡಿ, ಬೀಗದ ಕೈ ನನ್ನ ಹತ್ತಿರ ಇರುತ್ತದೆ, ಹತ್ತಕ್ಕೆ ತೆಗೆದುಕೊಂಡು ಹೋಗಿ ಎಂದು ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ. ಜಾಣತನ ಮಾಡಿದೆನೆಂದೇ ನನ್ನ ಭಾವನೆ.

"ನಿಮ್ ಬೀರುನಲ್ಲಿ ಇಕ್ಕುದ್ರೆ ಕೇಸು ನಿಮ್ ಮ್ಯಾಲೆ ಬತ್ತದೆ ಸಾ. ಲೈಸನ್ಸ್ ಇರಾದು ನನ್ನೆಸ್ರಲ್ಲಿ," ಎಂದರು. "ನಿಮ್ಗಿನ್ನೂ ಕೆಲ್ಸ ಕಾಯಂ ಆಗಿಲ್ಲ."

ನಾನು ಒಳಗೆ ಹೋದಮೇಲೆ ಮ್ಯಾನೇಜರು ಬಂದು, ಅವರೊಬ್ಬರನ್ನೇ ಕರೆದು, ಈ ಒಂದು ದಿನ ತನ್ನಿ, ನಾನು ನೋಡಿಕೊಳ್ಳುತ್ತೇನೆ ಎಂದರಂತೆ. ಅಣ್ಣ ಅದನ್ನು ಬರೆದುಕೊಡಿ ಎಂದರಂತೆ. ಮ್ಯಾನೇಜರು ಬರೆದುಕೊಡಲಿಲ್ಲ. ಅಣ್ಣ ಗೇಟಿನ ಹೊರಗಿನ ಮೋರಿಯ ಕಟ್ಟೆಯ ಮೇಲೆ ಕೋವಿ ತೊಡೆಯಲ್ಲಿಟ್ಟುಕೊಂಡು ಒಂಬತ್ತೂವರೆಯವರೆಗೆ ಕೂತಿದ್ದು, ಠಾಣೆಗೆ ಹೋಗಿ ಒಪ್ಪಿಸಿ, ಹನ್ನೊಂದಕ್ಕೆ ರಸೀದಿ ಹಿಡಿದು ಬಂದರು. ಅಷ್ಟರಲ್ಲಿ ಅವರನ್ನು ಒಳಗೆ ಬಿಡಬಾರದೆಂಬ ಆದೇಶ ಬಂದಿತ್ತು. ಆ ದಿನದ ಶುಂಠಿ ತಿಪ್ಪೆಗೆ ಹೋಯಿತು.

ವಾರದ ನಂತರ ವಿಚಾರಣೆ. ಕೆಲಸದ ಜಾಗಕ್ಕೆ, ಗೇಟಿನವರೆಗಾದರೂ, ಆಯುಧ ತಂದದ್ದು, ಪಾಳಿಗೆ ಬಾರದೆ ಉತ್ಪಾದನೆ ನಿಲ್ಲಿಸಿದ್ದು, ಇವೆರಡು ಆರೋಪ. ವಿಚಾರಣೆಗೆಂದು ಕಂಪನಿ ಹಾಸನದಿಂದ ಕರೆಸಿದ್ದ ಅಧಿಕಾರಿ ಕೇಳುತ್ತಿದ್ದರು, ಅಣ್ಣ ಉತ್ತರ ಹೇಳುತ್ತಿದ್ದರು, ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದವನು ನಾನು. ಠಾಣೆಗೆ ಎಷ್ಟು ಗಂಟೆಗೆ ಹೋದದ್ದು, ಯಾರು ಏನೆಂದರು, ಎಲ್ಲವನ್ನೂ ಒಂದನ್ನೂ ಬಿಡದೆ ಹೇಳಿದರು. ಮ್ಯಾನೇಜರ ಮಾತನ್ನೂ ಹೇಳಿದರು. ಮ್ಯಾನೇಜರು ತಾನು ಹಾಗೆ ಅಂದೇ ಇಲ್ಲ ಎಂದುಬಿಟ್ಟರು, ಆ ಮಾತಾಡಿದಾಗ ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಆಗ ಅಧಿಕಾರಿ, ಆಫೀಸಿನವರು ಬೇರೆ ಯಾರಾದರೂ ಕೋವಿಯನ್ನು ಒಳಗಿಡಲು ಒಪ್ಪಿದ್ದರೇ ಎಂದು ಕೇಳಿದರು.

ನನ್ನ ಪೆನ್ನು ನಿಂತಿತು. ಅಣ್ಣ ಹೌದು ಎಂದಿದ್ದರೆ ತಪ್ಪಿನ ಅರ್ಧ ಆಫೀಸಿನ ತಲೆಗೆ ಬಂದು, ಅವರಿಗೆ ಎಚ್ಚರಿಕೆ ಪತ್ರದಲ್ಲೇ ಮುಗಿಯುತ್ತಿತ್ತು. ನನ್ನ ಕೆಲಸ ಅಂದೇ ಹೋಗುತ್ತಿತ್ತು. ಅವರು ನನ್ನ ಕಡೆ ನೋಡಲಿಲ್ಲ.

"ಇಲ್ಲ ಸಾ. ಬ್ಯಾರೆ ಯಾರೂ ಏನೂ ಏಳ್ನಿಲ್ಲ."

ಸರ್ಟಿಫಿಕೇಟಿನ ಹಾಗೆ ಮಾತಾಡುವ ಆ ಮನುಷ್ಯನ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ. ಅದನ್ನು ನಾನೇ, ದುಂಡಾದ ಅಕ್ಷರದಲ್ಲಿ, ಗ್ರಾಂಥಿಕ ಮಾಡಿ ಬರೆದುಕೊಂಡೆ. ನಾನು ಎದ್ದು ನಿಂತು ನಿಜ ಹೇಳಬಹುದಿತ್ತು. ಹೇಳಲಿಲ್ಲ. ತಿಂಗಳೊಳಗೆ ಅವರ ಕೆಲಸ ಹೋಯಿತು. ಅದೇ ವರ್ಷ ನಾನು ಕಾಯಂ ಆದೆ.

ಅವರು ಹೊಳೆನರಸೀಪುರದ ಅಕ್ಕಿ ಗಿರಣಿಯೊಂದರ ಬಾಯ್ಲರಿಗೆ ಸೇರಿದರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಮ್ಮೆ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಎಷ್ಟೋ ದಿನದಿಂದ ಜೋಡಿಸಿಟ್ಟಿದ್ದ ಮಾತನ್ನು ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದು, "ಬುಡಿ ಸಾ, ಬೀರುನಲ್ಲಿ ಇಕ್ಕಿ ಅಂತ ಒಳ್ಳೇದಕ್ಕೆ ತಾನೆ ಏಳಿದ್ದು ನೀವು," ಎಂದರು. ನಮ್ಮ ಹೊಸ ಬಾಯ್ಲರಿನವನು ನೀರಿನ ಮಟ್ಟವನ್ನು ಸರಿಯಾಗಿ ನೋಡುತ್ತಾನೋ ಇಲ್ಲವೋ ಎಂದು ವಿಚಾರಿಸಿದರು. ಬಸ್ಸು ಬಂತು, ಹತ್ತಿದರು.

ಹೋದ ವರ್ಷ ಅವರು ತೀರಿಕೊಂಡರು. ಲೈಸೆನ್ಸಿನವರು ಹೋದಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಂತೆ, ಅರ್ಜಿ ಬರೆದುಕೊಡಿ ಎಂದು ಅವರ ಹೆಂಡತಿ ಹೇಳಿ ಕಳಿಸಿದರು. ಬರೆದುಕೊಟ್ಟೆ. ಠಾಣೆಯಿಂದ ಬಂದ ಪೊಲೀಸಿನವರೇ ಗೋಡೆಯಿಂದ ಕೋವಿ ಇಳಿಸಿಕೊಂಡರು, ಆಕೆ ಆಗಲೂ ಮುಟ್ಟಲಿಲ್ಲ. ರಸೀದಿಗಾಗಿ ಆಕೆಯ ಜೊತೆ ನಾನೂ ಠಾಣೆಗೆ ಹೋದೆ. ರೈಟರು ನಂಬರು ನೋಡಿ ಬರೆದುಕೊಂಡು, ಈ ಕೋವಿ ಯಾವತ್ತಾದರೂ ಬೇರೆಯವರ ವಶದಲ್ಲಿ ಇತ್ತೇ ಎಂದು ಕೇಳಿದರು. ಆಕೆ ನನ್ನ ಮುಖ ನೋಡಿದರು.

ಇಲ್ಲ, ಒಂದು ದಿನ ನಾನು ಕೇಳಿದ್ದೆ, ಅವರು ಕೊಡಲಿಲ್ಲ ಎಂದೆ. ರೈಟರು ಇಲ್ಲ ಎಂಬುದನ್ನಷ್ಟೇ ಬರೆದುಕೊಂಡರು.