ಗುಂಡಿಗೆ ಹಚ್ಚಿದ ಗಂಧ

ಪೀಣ್ಯದ ಎಣ್ಣೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಯಂತ್ರಗಳಿಗೆ ಹಾಕುವ ಎಣ್ಣೆಯನ್ನು ಗಾಜಿನ ಕೊಳವೆಗೆ ತುಂಬಿ, ಉಕ್ಕಿನ ಗುಂಡೊಂದನ್ನು ಬಿಟ್ಟು, ಅದು ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ನೋಡುವುದು. ನಿಧಾನವಾದಷ್ಟೂ ಎಣ್ಣೆ ಮಂದ.

ಹಬ್ಬದ ರಜೆ ಮುಗಿಸಿ ಬಂದ ಬೆಳಿಗ್ಗೆ ಗುಂಡು ಆಮೆಯಂತೆ ಇಳಿಯಿತು. ಮೂರು ಸಲ ಬಿಟ್ಟೆ, ಮೂರೂ ಸಲ ಅದೇ ಕಥೆ. ನನಗೋ ಮೂಗಿನ ತುದಿಯಲ್ಲೇ ಕೋಪ. ತೆಳು ಎಣ್ಣೆಗೆ ದಪ್ಪ ಎಣ್ಣೆ ಬೆರೆಸುವ ಅಣ್ಣ ಅಳತೆ ತಪ್ಪಿದ್ದಾರೆಂದು ಮ್ಯಾನೇಜರಿಗೆ ಬರೆದುಕೊಟ್ಟೆ. ಇಪ್ಪತ್ತು ವರ್ಷದಿಂದ ಬೆರೆಸುತ್ತಿದ್ದವರು. ಅವರನ್ನು ಕೂಡಲೇ ಹೊರಗೆ ಕೂರಿಸಿದರು. ಅವರ ಕೆಲಸ ಉಳಿಯುವುದೇ ಅನುಮಾನವಾಗಿತ್ತು.

ಊಟವಾದ ಮೇಲೆ ಗುಂಡನ್ನು ಬೆಳಕಿಗೆ ಹಿಡಿದೆ. ಅದರ ಮೇಲೆ ಮಾಸಲು ಹಳದಿ ಪೊರೆ! ಆಯುಧಪೂಜೆಯ ದಿನ ಉಳಿದ ಸಲಕರಣೆಗಳ ಜೊತೆ ಅದಕ್ಕೂ ಗಂಧ ಹಚ್ಚಿದವಳು ನಾನೇ. ದೇವರ ಗಂಧವನ್ನು ಸ್ಪಿರಿಟ್ ಹಾಕಿ ಉಜ್ಜಲು ಮನಸ್ಸು ಬಾರದೆ ಒಣ ಬಟ್ಟೆಯಲ್ಲಿ ಒರೆಸಿದ್ದೆ. ನೀರಿನಲ್ಲಿ ತೇದ ಗಂಧ ಎಣ್ಣೆಗೆಲ್ಲಿ ಬಿಡುತ್ತದೆ?

ಗುಂಡು ಎಣ್ಣೆಗೆ ಉಜ್ಜಿಕೊಂಡು ಇಳಿಯುತ್ತದೆಂದು ನೋಡಿದವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಗುಂಡಿಗೆ ತಾಗಿದ ಎಣ್ಣೆಯ ಕಣಗಳು ಅದಕ್ಕೇ ಅಂಟಿಕೊಂಡು ಜೊತೆಗೇ ಇಳಿಯುತ್ತವೆ. ಗಾಜಿಗೆ ತಾಗಿದವು ಅಲ್ಲೇ ಕಚ್ಚಿಕೊಂಡಿರುತ್ತವೆ. ನಡುವಿನವು ಒಂದನ್ನೊಂದು ಹಿಡಿದೆಳೆಯುತ್ತ, ಡಿಕ್ಕಿ ಹೊಡೆಯುತ್ತ ಜಾರಬೇಕು. ತಿಕ್ಕಾಟವೆಲ್ಲ ಎಣ್ಣೆಗೂ ಎಣ್ಣೆಗೂ. ಅವಕ್ಕಿರುವ ಜಾಗವೇ ಗುಂಡಿಗೂ ಗಾಜಿಗೂ ನಡುವಿನ ಕೂದಲೆಳೆಯಷ್ಟು ಸಂದು. ಅದನ್ನೂ ನನ್ನ ಗಂಧ ಕಿರಿದು ಮಾಡಿ ಗುಂಡನ್ನು ನಿಧಾನಿಸಿತ್ತು. ಇದನ್ನೆಲ್ಲ ಓದಿ ಪಾಸಾದವಳು ನಾನು!

ಗುಂಡು ತೊಳೆದು ಅದೇ ಎಣ್ಣೆಗೆ ಬಿಟ್ಟೆ. ಸಮಯ ಸರಿಯಾಗಿ ಬಂತು. ಮ್ಯಾನೇಜರ್ ಬಳಿಗೆ ಓಡಿ, “ತಪ್ಪು ನಂದು ಸಾರ್, ಎಣ್ಣೆ ಸರಿಯಾಗೇ ಇದೆ” ಎಂದು ಎಲ್ಲ ಹೇಳಿದೆ. ಅವರು ಒಂದು ಕಾಗದ ನನ್ನತ್ತ ತಳ್ಳಿದರು. ‘ದಪ್ಪ ಎಣ್ಣೆಯನ್ನು ಎರಡು ಕ್ಯಾನ್ ಹೆಚ್ಚಿಗೆ ಸುರಿದಿದ್ದೇನೆ. ಕ್ಷಮಿಸಿ.’ ಕೆಳಗೆ ಅಣ್ಣನ ರುಜು. ಕಾಗದ ಹಿಡಿದೇ ಹೊರಗೆ ಓಡಿದೆ.

ಅಣ್ಣ ಗೇಟಿನ ಬಳಿ ಕುಳಿತಿದ್ದರು. ನಡೆದದ್ದನ್ನು ಹೇಳಿ, “ಮಾಡ್ದೇ ಇರೋ ತಪ್ಪನ್ನ ಯಾಕಣ್ಣಾ ಬರ್ಕೊಟ್ರಿ?” ಎಂದು ಕೇಳಿದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ನನಗಿಂತ ಅವರಿಗೇ ಹೆಚ್ಚು ಗಾಬರಿಯಾದಂತಿತ್ತು.

“ನೀವು ಓದ್ದೋರು ಮೇಡಂ, ಮೂರ್ ಸಲ ನೋಡಿದ್ರಂತೆ. ನಾನೇ ಸುರ್ದಿರ್ಬೇಕು ಅನ್ಕೊಂಡೆ. ಎಷ್ಟು ಸುರ್ದೆ ಅನ್ನೋದೇ ನೆನಪಾಗ್ಲಿಲ್ಲ. ಅದಕ್ಕೆ ಎರಡು ಅಂತ ಬರ್ದೆ.”