ದೊರೆ ಸತ್ತಿದ್ದಕ್ಕೆ ಪಾಮನಕಲ್ಲೂರು ಅತ್ತದ್ದು

ಪಾಮನಕಲ್ಲೂರಿನ ಅಮರಗುಂಡಪ್ಪ ಮಾಸ್ತರನ ಬಾಯಿಗೆ ಬೀಗ ಮಾಡುವ ಕಮ್ಮಾರ ನಿಜಾಮನ ಮುಲುಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವನ ಸಾಲೆಗೆ ಮಾತ್ರ ಬೀಗ ಬಿದ್ದಿತ್ತು. ಮುದಗಲ್ ಕೋಟೆಯನ್ನು ಆನೆಗುಂದಿ ದೊರೆ ಕಟ್ಟಿಸಿದ ಎಂದಿದ್ದ ಪುಸ್ತಕವನ್ನು ಮಾಸ್ತರ ಓದಿಸಿ, "ಕಲ್ಲು ಹೊತ್ತವರ ಹೆಸರು ಇದರಾಗ ಯಾಕಿಲ್ಲ? ಬರದಾಂವಗ ಅನ್ನ ಹಾಕಿದವರು ಯಾರು?" ಎಂದು ಕೇಳುತ್ತಿದ್ದ. ಹುಡುಗರಿಗೆ ಅದೇ ಚಟವಾಗಿ, ಸರಕಾರದ ಹೆಸರಿನಲ್ಲಿ ಪಟೇಲ ಮನೆಮನೆಯಿಂದ ಎತ್ತಿದ ಲೇವಿ ಜೋಳದ ಬಗ್ಗೆಯೂ ಕೇಳತೊಡಗಿದರು. ಪಟೇಲ ದೂರು ಕೊಟ್ಟ. ಲಿಂಗಸುಗೂರಿನಿಂದ ಬಂದ ಪೊಲೀಸ್ ಅಮೀನ ಬೀಗ ಜಡಿದು, "ಪರವಾನಿಗಿ ಇಲ್ಲದ ಸಾಲಿ ಇಲ್ಲ, ಮಂದಿ ಕೂಡಂಗಿಲ್ಲ. ಮತ್ತ ಸಿಕ್ಕಿದ್ರ ಜೇಲು" ಎಂದ.

ಮಾಸ್ತರ ಮೂರು ದಿನ ಮೀಸೆ ತೀಡುತ್ತ ಕೂತ. ನಾಲ್ಕನೆಯ ದಿನ, ಹಾಡಿಕೊಂಡು ಅಳುವುದರಲ್ಲಿ ಹೆಸರಾದ ಮುದುಕಮ್ಮನ ಹತ್ತಿರ ಹೋದ. ಸತ್ತವರಿಗಾಗಿ ಜನ ಕೂಡಲು ಯಾರ ಪರವಾನಿಗಿಯೂ ಬೇಕಿರಲಿಲ್ಲ.

"ಯಾರು ಸತ್ತಾರೋ ಯಪ್ಪಾ?"

"ಆನೆಗುಂದಿ ದೊರಿ. ನಾಕನೂರು ವರ್ಷಾತು."

"ಅಯ್ಯ ಖೋಡಿ, ಇಷ್ಟು ತಡಾ ಮಾಡಿ ಹೇಳ್ತೀಯಲ್ಲೋ!"

ಮರುದಿನ ಮಾಸ್ತರನ ಪಡಸಾಲೆ ಸಾಲೆಯ ಹುಡುಗರಿಂದ, ಅವರ ಹಿರಿಯರಿಂದ ತುಂಬಿತು. ಮುದುಕಮ್ಮ ಸೆರಗು ಬಾಯಿಗೆ ಹಚ್ಚಿ ಎತ್ತಿದಳು: "ಕೋಟೀ ಕಟ್ಟಿಸಿದೆಲ್ಲೋ ನನ್ನಪ್ಪಾ!"

ಮಾಸ್ತರ ಮೂಗೊರೆಸಿಕೊಂಡ. "ಸುಣ್ಣ ಅರದವರು ಯಾರಬೇ?"

"ಅವರಿಗಿ ಯಾರು ಅತ್ತಾರೋ ನನ್ನಪ್ಪಾ!"

ಅಷ್ಟರಲ್ಲಿ ಜವಾನ ಮಲೀಕಸಾಬನ ಜೊತೆ ಅಮೀನ ಬಂದ. ಸಿಂಧನೂರಿನಲ್ಲಿ ಭಾಷಣ ಮಾಡಿದವನೊಬ್ಬ ಜೇಲಿಗೆ ಹೋಗಿ ಆರು ತಿಂಗಳಾಗಿತ್ತು. ಆದರೆ ಅಮೀನ ಅಳು ಕೇಳಿ, ಹೆಣ ಮಣ್ಣು ಮಾಡಿ ಮುಗಿದಿರಬೇಕೆಂದು ಬೂಟು ಕಳಚಿ ಕೂತ. ಪದ್ಧತಿಯಂತೆ ಸತ್ತವರ ಬಗ್ಗೆ ಒಂದು ಒಳ್ಳೆಯ ಮಾತೂ ಆಡಿದ: "ಭಾಳ ದೊಡ್ಡ ಮನಷ್ಯಾ. ನನಗ ಚಲೋ ಪರಿಚಯ."

"ಹೌದ್ರೀ?" ಎಂದಳು ಮುದುಕಮ್ಮ. "ಮುದಗಲ್ ಲಡಾಯಿದಾಗ ನೀವೂ ಇದ್ರೇನು?"

"ಯಾವ ಲಡಾಯಿ? ಸತ್ತಿದ್ದು ಯಾರು?"

ಮಾಸ್ತರ ಕೈಮುಗಿದು ಹೇಳಿದ. ಅಮೀನನ ಮುಖ ಬದನೆಕಾಯಿಯಾಯಿತು. "ಹಿಡಕೊಳ್ಳೋ ಇವನ್ನ!"

ಮಲೀಕಸಾಬ ಕಾಗದ ಬಿಚ್ಚಿದ. "ಪಂಚನಾಮಾದಾಗ ಏನಂತ ಬರೀಲಿ ಸಾಬ್? ನಾಕನೂರು ವರ್ಷದ ಹಿಂದ ಸತ್ತವರು ತಮಗ ಪರಿಚಯ ಅಂತಲಾ? ಕೇಳಿದವರು ಅರವತ್ತು ಮಂದಿ ಅದಾರ."

ಅಮೀನ ಬಹಳ ಹೊತ್ತು ಬೂಟು ಹಾಕಿಕೊಂಡ. ಆಮೇಲೆ, "ಸೂತಕದ ದಿನಾ ಯಾವಾಗ ಮುಗೀತಾವು?" ಎಂದ.

"ಹನ್ನೊಂದಕ್ಕರೀ" ಎಂದ ಮಾಸ್ತರ.

"ಊರಾಗ ಸಾವಾಗೇದ, ಹನ್ನೊಂದು ದಿನ ಮಂದಿ ಕೂಡಬಹುದು ಅಂತ ಬರಿಯೋ" ಎಂದು ಸಹಿ ಹಾಕಿ ಕುದುರೆ ಏರಿದ.

ಹನ್ನೆರಡನೆಯ ದಿನ ಬೆಳಿಗ್ಗೆ ದೊರೆಯ ತಮ್ಮ ತೀರಿಕೊಂಡ. ಆ ಮನೆತನದಲ್ಲಿ ಸತ್ತವರು ಬಹಳ ಮಂದಿ. ಒಬ್ಬೊಬ್ಬರನ್ನೇ ಸಾಯಿಸುತ್ತ ಮಾಸ್ತರ ಆ ವರ್ಷದ ಪಾಠ ಮುಗಿಸಿದ.