ಉಪ್ಪಿನಕಾಯಿಗೆ ಬಂದ ಬಿಲ್ಲು

ಬಾರ್‌ಕೋಡ್ ಯಂತ್ರ ಅಂದರೆ ಪೊಟ್ಟಣದ ಮೇಲಿನ ಕಪ್ಪು ಗೆರೆಗಳನ್ನು ಓದಿ ಬಿಲ್ಲು ಕೊಡುವ ಯಂತ್ರ. ಎರಡು ಸಾವಿರದ ಐದರ ಸುಮಾರಿಗೆ, ಮದುವೆಗೆ ಮುಂಚೆ (ಇದು ಮುಖ್ಯ), ಅದನ್ನು ಮಾರಲು ಕೊಪ್ಪದ ಅಂಗಡಿಯೊಂದಕ್ಕೆ ಹೋಗಿದ್ದೆ. ಆ ತಿಂಗಳು ಒಂದೂ ಮಾರದಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

"ಇದನ್ನ ಓದಿಸು ನೋಡಾಣ" ಎಂದು ಸಾಹುಕಾರರು ಮಿಡಿ ಉಪ್ಪಿನಕಾಯಿ ಬಾಟಲಿ ಮುಂದಿಟ್ಟರು. ಕಮ್ಮರಡಿಯ ಗೌರಮ್ಮ ಆಗಷ್ಟೇ ಮಾರಲು ತಂದದ್ದು. ಯಂತ್ರ ಕುಂಯ್ ಎಂದಿತು. ಬಿಲ್ಲಿನಲ್ಲಿ "ಬಸುರಿಯರ ಶಕ್ತಿಪುಡಿ" ಎಂದು ಬಂತು. ಪುಡಿಯ ಹಳೇ ಬಾಟಲಿಗೇ ಉಪ್ಪಿನಕಾಯಿ ತುಂಬಿದ್ದ ಗೌರಮ್ಮ ಅದರ ಚೀಟಿ ಕಿತ್ತಿರಲಿಲ್ಲ.

"ಒಳಗೆ ಏನಿದೆ ಅಂತ ಅದಕ್ಕೆ ಗೊತ್ತಾಗಲ್ಲ" ಎಂದು ತೊದಲಿದೆ. ಸಾಹುಕಾರರ ಮುಖ ಗಂಟಾಯಿತು.

"ಬಸುರಿಯರು ಕೇಳೋದೇ ಇದನ್ನಲ್ವನಾ ಮಾರಾಯ? ಯಂತ್ರ ಸರಿಯಾಗೇ ಹೇಳಿದೆ!" ಎಂದರು ಗೌರಮ್ಮ.

ಸಾಹುಕಾರರು ಬಿದ್ದು ಬಿದ್ದು ನಕ್ಕು ಯಂತ್ರ ಕೊಂಡರು. ನಾನು ಆ ಉಪ್ಪಿನಕಾಯಿ ಕೊಂಡೆ.

ಮರುದಿನ ಅಂಗಿ ಒಗೆಯಲು ಹೋದ ಅಮ್ಮನಿಗೆ ಜೇಬಿನಲ್ಲಿ ಆ ಬಿಲ್ಲು ಸಿಕ್ಕಿತು. "ಯಾರಿಗೋ ಇದು?" ಎಂದಳು.

ಬಾರ್‌ಕೋಡ್ ಅಂದರೇನೆಂದು ನಾನು ಅತಿ ಹೆಚ್ಚು ಹೊತ್ತು ವಿವರಿಸಿದ್ದು ಅವತ್ತು, ಬಚ್ಚಲಮನೆ ಬಾಗಿಲಲ್ಲಿ.